ನಾಲ್ಕನೇ ಪ್ರಶ್ನೆ

ಆನ್ಸಾನಿನ ಈ ಬಾಡಿಗೆ ಕೋಣೆಯಲ್ಲಿ, ಭಾನುವಾರ ಬೆಳಿಗ್ಗೆ,
ಕೊರಿಯನ್ ಪರೀಕ್ಷೆಗೆ ಕೂತವರು ಹನ್ನೊಂದು ಜನ.
ಎಲ್ಲರ ಉಗುರಲ್ಲೂ ವಾರದ ಗ್ರೀಸು.
ನನ್ನ ಕೈಯಲ್ಲಿ ಅಂಕಪಟ್ಟಿ.

ನಾಲ್ಕನೇ ಪ್ರಶ್ನೆ: ಮೇಸ್ತ್ರಿ ಒಂದು ಕೆಲಸ ಹೇಳುತ್ತಾರೆ.
ನಿಮ್ಮಿಂದ ಆಗದು. ಹೇಗೆ ಹೇಳುವಿರಿ?

ಕಲಿಸಿದವಳು ನಾನೇ:
ಮೊದಲು ತಲೆ ತುಸು ತಗ್ಗಲಿ.
ಎರಡು ಕ್ಷಣ ಬಿಡಿ, ಅವಸರ ಬೇಡ;
ನಮ್ಮಲ್ಲಿ ಇಲ್ಲ ಎಂಬ ಮಾತು ಇರುವುದೇ ಅಲ್ಲಿ.
ಆಮೇಲೆ, ಬಹುವಚನದಲ್ಲಿ,
"ಅದು... ಸ್ವಲ್ಪ..." ಎಂದು ಬಾಲ ಬಿಟ್ಟುಬಿಡಿ.
ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ.

ಗುಲ್ಚೆಹ್ರಾಗೆ ಹೋದ ಸಲ ಐದಕ್ಕೆ ಐದು.
ಫರ್ಗಾನಾದ ಹುಡುಗಿ; ಬಂದ ಹೊಸದರಲ್ಲಿ
ಬಸ್ಸಿನಲ್ಲಿ ಒಬ್ಬ ಮುದುಕಪ್ಪನಿಗೆ
"ಜರುಗು, ನಾನು ಕೂರಬೇಕು" ಅಂದವಳು.
ಎಷ್ಟು ನಯ ಕಲಿತಿದ್ದಾಳೆ ಎಂದು
ಷರಾ ಬರೆದಿದ್ದೆ, ಹಸಿರು ಶಾಯಿಯಲ್ಲಿ.

ಇವತ್ತು ಬಲಗೈಗೆ ಬ್ಯಾಂಡೇಜು.
ಪೆನ್ನು ಎಡಗೈಯಲ್ಲಿ.
ಒತ್ತುಯಂತ್ರದಲ್ಲಿ ತಗಡು ಸಿಕ್ಕಿಕೊಂಡಿತ್ತಂತೆ.
ನಿಲ್ಲಿಸೋದೇನೂ ಬೇಡ, ಹಾಗೇ ತೆಗಿ, ಅಂದನಂತೆ ಮೇಸ್ತ್ರಿ.
"ನೀವು ಹೇಳಿಕೊಟ್ಟ ಹಾಗೇ ಹೇಳಿದೆ, ಟೀಚರ್.
ತಲೆ ತಗ್ಗಿಸಿದೆ. ಎರಡು ಕ್ಷಣ ಬಿಟ್ಟೆ.
ಅದು ಸ್ವಲ್ಪ, ಅಂದೆ."
ಆ ಗದ್ದಲದಲ್ಲಿ ಅವನಿಗೆ ಮಾತು ಮುಟ್ಟಲಿಲ್ಲ.
ಕಂಡದ್ದು ತಗ್ಗಿದ ತಲೆ ಮಾತ್ರ.

ದೂರುವ ದನಿಯೇ ಅಲ್ಲ. ಪಾಠ ಒಪ್ಪಿಸುವ ದನಿ.
ಒಂದು ಗೌರವ ಪ್ರತ್ಯಯವೂ ಜಾರಿಲ್ಲ.
ಪಟ್ಟಿಯಲ್ಲಿ ಹುಡುಕಿದೆ:
ಸಂಕೋಚ, ಕಾರಣ, ಕ್ಷಮೆ, ಸಂಬಂಧದ ಅರಿವು.
ಬೆರಳಿಗೆ ಅಂಕಣವಿಲ್ಲ.

ಕಾಗದ ಮಗುಚಿಟ್ಟೆ. ಎಲ್ಲರೂ ಏಳಿ, ಅಂದೆ.
ಈಗ ನಾನೇ ಮೇಸ್ತ್ರಿ. ವಯಸ್ಸು ಐವತ್ತೆಂಟು.
ನನಗೆ ಹೇಳಿ: ನಿಲ್ಸು.
ಏಕವಚನದಲ್ಲಿ. ಕೂಗಿ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ನೇಪಾಳದ ತಿಲಬಿಕ್ರಮ ನಕ್ಕು, ಕೈಮುಗಿದು,
"ದಯವಿಟ್ಟು ನಿಲ್ಲಿಸುವಿರಾ?"
ಕಾಂಬೋಡಿಯಾದ ಹೆಂಗಸು ನನ್ನ ನರೆಗೂದಲು ನೋಡಿ
ಬಾಯಿಗೆ ಕೈ ಅಡ್ಡ ಹಿಡಿದಳು.
ಇಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದೆನೇ ನಾನು?

ಗುಲ್ಚೆಹ್ರಾ ಮುಂದೆ ಬಂದಳು.
ರೂಢಿಯಂತೆ ತಲೆ ತಗ್ಗಿತು; ಎತ್ತಿದಳು.
ಒಂದು ಕ್ಷಣ. ಎರಡು.
"ನಿಲ್ಸೋ!"

ಪಕ್ಕದ ಕೋಣೆಯಲ್ಲಿ ವ್ಯಾಕರಣ ನಿಂತಿತು.
ಗೋಡೆಯಾಚೆ ಯಾರೋ ಕುರ್ಚಿ ಸರಿಸಿದರು.
ಅವಳು ನನ್ನನ್ನೇ ನೋಡುತ್ತಿದ್ದಳು, ಅಂಕಕ್ಕೆ ಕಾದವಳಂತೆ.

ಎರಡು ಕ್ಷಣ ತಡ, ಅಂದೆ.
ಇನ್ನೊಮ್ಮೆ.