ತಗ್ಗು

ಅರಿಕಾದಿಂದ ದಕ್ಷಿಣಕ್ಕೆ, ಮಳೆಯ ಹೆಸರೇ ಕೇಳದ ದಂಡೆಯಲ್ಲಿ
ಚಿಪ್ಪಿನ ದಿಬ್ಬ ಕೊಯ್ದು ನಿಂತಿದ್ದೇವೆ:
ಚಿಪ್ಪು, ಬೂದಿ, ಕಳ್ಳಿಮುಳ್ಳಿನ ಗಾಳ, ಮತ್ತೆ ಚಿಪ್ಪು.

ಎಲಿಯೊದೋರೊನ ಊಹೆ ಸರಳ:
ಕಡಲು ಬಿಸಿಯೇರಿದ ಕಾಲದಲ್ಲಿ ಮೀನು ದೂರ ಸರಿಯಿತು,
ಮೀನಿನ ಹಿಂದೆಯೇ ಜನ ಕರಗಿದರು.
ಸುಳ್ಳಾದರೆ ಸುಳ್ಳೆಂದೇ ಬರೆಯೋಣ ಅಂದಿದ್ದ, ಮೊದಲ ದಿನವೇ.

ನೂರಾ ಹದಿನೇಳು ಇದ್ದಿಲ ಚೂರು ಲ್ಯಾಬಿಗೆ ಹೋಗಿ
ನೂರಾ ಹದಿನೇಳು ಕಾಲವಾಗಿ ಮರಳಿದವು.
ಒಂದರ ಮೇಲೊಂದು ಪೇರಿಸಿದೆ. ಗೆರೆ ಏರಿತು, ತುಸು ಜಗ್ಗಿತು,
ನಾಲ್ಕು ಸಾವಿರ ವರ್ಷದ ಹಿಂದೆ ದಿಢೀರನೆ ತಗ್ಗು.
ಊಹೆಗೆ ಹೇಳಿ ಮಾಡಿಸಿದಂಥ ತಗ್ಗು.
ಆ ರಾತ್ರಿ ಟೆಂಟಿನಲ್ಲಿ ವೈನು ತೆರೆದೆವು.

ಬೆಳಿಗ್ಗೆ, ಜರಡಿ ಹಿಡಿಯುವ ಸೆನೋಬಿಯಾ ಚೋಕೆ
ಪರದೆಯ ಮೇಲಿನ ಗೆರೆಯನ್ನು ಬೆರಳಿಂದ ಸವರಿ ಕೇಳಿದಳು:
ಇಲ್ಲಿ ಯಾಕೆ ಜನ ಇಲ್ಲ?
ಹೇಳಿದೆ. ಅವಳು ನಗಲಿಲ್ಲ.
ದಿಬ್ಬದ ಬೋಳು ಪಕ್ಕೆಗೆ ಕೈ ತೋರಿ,
"ನಮ್ಮಜ್ಜ ಅಲ್ಲಿಂದಲೇ ತುಂಬುತ್ತಿದ್ದದ್ದು, ಎರಡು ಚಳಿಗಾಲ,
ಲಾರಿಗಟ್ಟಲೆ ಚಿಪ್ಪು, ಕೋಳಿ ಫಾರಂಗೆ.
ಆ ಪುಡಿ ತಿಂದ ಕೋಳಿಯ ಮೊಟ್ಟೆ
ಬಿದ್ದರೂ ಒಡೆಯುತ್ತಿರಲಿಲ್ಲವಂತೆ."

ಉಪ್ಪುಗಾಳಿ. ಯಾರೂ ಮಾತಾಡಲಿಲ್ಲ.
ನಾಲ್ಕು ಸಾವಿರ ವರ್ಷದ ಹಿಂದೆ ಒಲೆ ಉರಿಯುತ್ತಲೇ ಇತ್ತೇನೋ,
ಹೊಗೆಗೆ ಕೂಸು ಕಣ್ಣುಜ್ಜಿ ಅತ್ತಿತ್ತೇನೋ;
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಎಲಿಯೊದೋರೊ ನೋಟ್‌ಬುಕ್ಕು ತೆರೆದು
'ಇಳಿಕೆ' ಹೊಡೆದುಹಾಕಿ 'ಗೊತ್ತಿಲ್ಲ' ಎಂದು ಬರೆದ.
ಬರೆದು, ಅಜ್ಜನ ಹೆಸರೇನು ಎಂದು ಕೇಳಿದ.
ಲಾರಿ ಎಷ್ಟು ಟನ್ನಿನದು ಎಂದೂ.