ಇಪ್ಪತ್ತೆರಡರ ಸ್ಪಾನರ್

ಲಾರೆನ್ಸಣ್ಣ ಬಾನೆಟ್ಟು ಎತ್ತಲೇ ಇಲ್ಲ.
ಸೈಲೆನ್ಸರಿನ ಬಾಯಿಗೆ ಬೆರಳಿಟ್ಟು
ಹತ್ತಿದ ಮಸಿಯನ್ನು ನನ್ನೆದುರು ಹಿಡಿದ:
'ಇದರ ಮೂಗು ಹೋಗಿದೆ ಕಣಕ್ಕ.
ಸುಟ್ಟ ಹೊಗೆಯನ್ನು ಮೂಸಿ
ಇಂಜಿನ್ನಿಗೆ ಸುದ್ದಿ ಹೇಳೋ ಸೆನ್ಸರ್ ಒಂದಿರುತ್ತೆ.
ಅದು ಸತ್ತಿದೆ. ಪಾಪ, ಹೊಟ್ಟೆ ತುಂಬಿದ್ದೂ ತಿಳೀದೆ
ಕುಡಿದದ್ದೇ ಕುಡಿದದ್ದು ಪೆಟ್ರೋಲು.
ಸಾಮಾನು ಎರಡು ಸಾವಿರ ಚಿಲ್ಲರೆ, ಕೂಲಿ ಎಂಟುನೂರು.'

ನಕ್ಕುಬಿಟ್ಟೆ. ಅವನಿಗೆ ಯಾಕೆಂದು ತಿಳಿಯಲಿಲ್ಲ.

ಆ ವರ್ಷದ ಜ್ವರ ನನ್ನದನ್ನೂ ಒಯ್ದಿತ್ತು.
ಅಪ್ಪೆಮಿಡಿ ವ್ಯಾಪಾರದವಳು ನಾನು,
ತೊಟ್ಟು ಮುರಿದು ಸೊನೆ ಮೂಸಿ
ಜೀರಿಗೆಯೋ ಕರ್ಪೂರವೋ ಹೇಳಿ
ಮರದಡಿಯಲ್ಲೇ ದರ ಕಟ್ಟುತ್ತಿದ್ದವಳು.
ಈಗ ಪಕ್ಕದ ಮನೆ ಆಫ್ರೀನಳ
ಹನ್ನೊಂದು ವರ್ಷದ ಮೂಗನ್ನು
ಇದೇ ಝೆನ್ನಿನಲ್ಲಿ ಕೂರಿಸಿಕೊಂಡು ಹೊಳೆದಂಡೆ ಸುತ್ತುತ್ತೇನೆ.
ಒಂದು ಸಲ ಕೆಮ್ಮಿದರೆ ಕರ್ಪೂರ,
ಎರಡು ಸಲ ಕೆಮ್ಮಿದರೆ ಜೀರಿಗೆ.
ಮರದ ಯಜಮಾನರು
'ಮಗೂಗೆ ಕಷಾಯ ಕೊಡಿ' ಅನ್ನುತ್ತಾರೆ.

ಸೆನ್ಸರ್ ಶಿವಮೊಗ್ಗದಿಂದ ರಿಪ್ಪನ್‌ಪೇಟೆಗೆ
ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂತು.
ಮಿಡಿ ಸೀಸನ್ನು ಮುಗಿದಿತ್ತು. ಕೈ ಖಾಲಿ,
ಎರಡೂ ಅರ್ಥದಲ್ಲಿ.
ಎಂಟುನೂರು ಯಾಕೆ ಕೊಡಲಿ?

ರಾತ್ರಿಯೇ ತುಕ್ಕಿನ ಎಣ್ಣೆ ಹೊಡೆದಿಟ್ಟೆ,
ಮಿಡಿಗೆ ಉಪ್ಪು ಹಾಕಿ ಕಾಯುವ ಹಾಗೆ.
ಬೆಳಿಗ್ಗೆ ಹಿಂದಿನ ಗಾಲಿಗೆ ರುಬ್ಬುಗುಂಡು,
ಜಾಕನ್ನು ನಂಬದೆ ಅಡಿಗೆ ಎರಡು ಹಳೇ ರಿಮ್ಮು.
ಹತ್ತು ನಿಮಿಷ ಇಂಜಿನ್ ಓಡಿಸಿದೆ,
ತಣ್ಣಗಿನ ಕಬ್ಬಿಣ ಯಾರ ಮಾತೂ ಕೇಳುವುದಿಲ್ಲ.
ಸೀಳಿರುವ ಸಾಕೆಟ್ಟು ನನ್ನಲ್ಲೆಲ್ಲಿ?
ಹೇಗೂ ಸತ್ತದ್ದು ತಾನೆ ಎಂದು
ಹಳೇ ವೈರನ್ನು ಅಡಕತ್ತರಿಯಲ್ಲಿ ಕತ್ತರಿಸಿ
ಇಪ್ಪತ್ತೆರಡರ ರಿಂಗ್ ಸ್ಪಾನರ್ ತೂರಿಸಿದೆ.

ಅಂಗಾತ ಮಲಗಿದರೆ ಎಡ ಬಲ ಎರಡೂ ಅನುಮಾನ.
ಮೊದಲ ಸಲ ಬಿಗಿದದ್ದನ್ನೇ ಬಿಗಿದೆ.
ಆಮೇಲೆ ತಿರುಗಿಸಿ, ಬೋರಿನ ಪೈಪಿನ ತುಂಡು ಸಿಕ್ಕಿಸಿ
ಕಾಲಲ್ಲಿ ಒತ್ತಿದೆ. ಇಲ್ಲ.
ದೇವರ ಹೆಸರು ಹೇಳಿ ಒತ್ತಿದೆ. ಇಲ್ಲ.
ಲಾರೆನ್ಸಣ್ಣನ ಹೆಸರಿಗೆ ಬೈದು ಒತ್ತಿದೆ:
ಕಿರ್ರ್ ಅಂತು
ನಟ್ಟೋ, ನನ್ನ ಮಂಡಿಯೋ.
ಪೈಪಿಗೆ ಮುಂಗೈ ತಾಗಿತು.
ಕೂದಲು ಸುಟ್ಟ ವಾಸನೆ ಬಂದಿರಬೇಕು,
ಆಫ್ರೀನ್ ಮೂಗು ಮುಚ್ಚಿಕೊಂಡಳು.
ನನಗೆ ಉರಿ ಮಾತ್ರ.

ಹೆಬ್ಬೆರಳಿನಷ್ಟು ಇತ್ತು.
ತುದಿಯ ಕಿಂಡಿಗಳಲ್ಲಿ ಮಸಿ ಗಟ್ಟಿಯಾಗಿ ಕೂತಿತ್ತು.
'ಇಷ್ಟೇನಾ?' ಅಂದಳು.
ಇಷ್ಟೇ.

ಹೊಸದರ ಮರೆಗೆ ತಾಮ್ರದ ಬಣ್ಣದ ಗ್ರೀಸು
ತುದಿಗೆ ತಾಗದಂತೆ ಸವರಿ
ಸೂಜಿಗೆ ದಾರ ಪೋಣಿಸುವ ಉಸಿರಲ್ಲಿ
ಬೆರಳಿನಿಂದಲೇ ತಿರುಗಿಸಿದೆ, ಆಮೇಲೆ ಸ್ಪಾನರು.
ಕನೆಕ್ಟರ್ ಟಿಕ್ ಅಂತು.

ಇನ್ನು ಬ್ಯಾಟರಿ ವೈರು ಕಳಚಿ ಹದಿನೈದು ನಿಮಿಷ,
ಹಳೆಯ ತಪ್ಪು ಲೆಕ್ಕವನ್ನು ಕಂಪ್ಯೂಟರು ಮರೆಯಲು.
ಹದಿನೈದೇ ನಿಮಿಷ!
ಕಟ್ಟೆಯ ಮೇಲೆ ಕೂತು ಚಹಾ ಕುಡಿದೆವು.
ಶುಂಠಿ ಜಜ್ಜಿ ಹಾಕಿದ್ದೆ,
ಜಜ್ಜಿದ್ದು ನೆನಪಿದೆ.

ಕೀಲಿ ತಿರುಗಿಸಿದಾಗ ಹಳದಿ ದೀಪ ಹತ್ತಿತು,
ಏನೋ ಯೋಚಿಸಿತು,
ಆರಿತು.

'ಹಿಂದೆ ನಿಂತು ಮೂಸು, ಮಾರು ದೂರದಿಂದ.'
ಅವಳು ಬಗ್ಗಿದಳು. ಕೆಮ್ಮಲಿಲ್ಲ.
'ಪೆಟ್ರೋಲು?'
'ಇಲ್ಲ.'
'ಕೊಳೆತ ಮೊಟ್ಟೆ?'
'ಊಹೂಂ.'
'ಮತ್ತೇನು ಬರ್ತಿದೆ, ಸರಿಯಾಗಿ ನೋಡೇ.'
'ಏನೂ ಇಲ್ಲ ಆಂಟಿ, ಏನೇನೂ ಇಲ್ಲ.'
ಇಳಿದು ಹೋಗಿ ಅವಳ ಪಕ್ಕ ಬಗ್ಗಿದೆ.
ನಾಲ್ಕು ವರ್ಷಗಳಲ್ಲಿ ಮೊದಲ ಸಲ
ಇಬ್ಬರ ಮೂಗಿಗೂ
ಒಂದೇ ಸುದ್ದಿ.

'ಎಂಟುನೂರು ಉಳೀತಲ್ಲ,' ಅಂದಳು ಎದ್ದು ನಿಂತು,
'ಅದರಲ್ಲಿ ನನಗೆಷ್ಟು?'