ಆರು ಆಂಪಿಯರ್

ರಾತ್ರಿ ಒಂದಕ್ಕೆ ಉಣ್ಣಲು ಕೂತ ಕಾರು
ಬೆಳಗಿನ ಆರಕ್ಕೂ ಅರವತ್ತೊಂದೇ ಅನ್ನುತ್ತದೆ.
ಹೊರಗೆ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗೆ,
ಕುಹ್ಮೋದ ಹಿಮ ಬೂಟಿನಡಿ ಕರಕರ.
ಕಾಡಿನಂಚಿನ ಮೂರು ಮನೆಗಳ ಮೂರು ಮಕ್ಕಳನ್ನು
ಶಾಲೆಗೆ ಮುಟ್ಟಿಸಬೇಕು, ನಾನು, ಟ್ಯಾಕ್ಸಿಯ ಓಸ್ಮೋ.
ಹೀಟರ್ ಹಾಕಿದರೆ ಚಾರ್ಜು ದಾರಿಗೆ ಸಾಲದು,
ಹಾಕದಿದ್ದರೆ ಪುಟ್ಟ ಐನೋಳ ಮೂಗು ಕೆಂಪು.

ಮೊದಲು ಚಳಿಯನ್ನು ಬೈದೆ.
ಚಳಿಗೆ ಬೈಗುಳವೇನು ಹೊಸದೇ?
ಆಮೇಲೆ ಕೇಬಲ್ಲಿನ ಮೇಲೆ ಅನುಮಾನ:
ಅಡುಗೆಮನೆಗೆ ತಂದು, ಸಿಕ್ಕುಜಡೆ ಬಿಡಿಸುವಂತೆ ಬಿಡಿಸಿ
ಇಂಚಿಂಚೂ ತಡವಿದೆ, ಪಿನ್ನು ಒರೆಸಿದೆ.
ಯಾರೋ ಮಿತಿ ಹಾಕಿದ್ದಾರೇನೋ ಎಂದು
ಮೆನುವಿನೊಳಗಿನ ಮೆನು ಹೊಕ್ಕು ದಾರಿ ತಪ್ಪಿದೆ.
ಡೀಸೆಲ್ ಗಾಡಿ ಮಾರುವಾಗ ನಾನೇನಂದಿದ್ದೆ,
ಎಂದಳು ತೆಲ್ಲೆರ್ವೋ. ಅಷ್ಟೇ ಅಂದಳು.

ಸೋಮವಾರ ಬಂದ ಎಲೆಕ್ಟ್ರಿಷಿಯನ್ ಕೌಕೋ
ಬೂಟು ಕಳಚಿದ, ಎರಡು ಕಪ್ಪು ಕಾಫಿ ಕುಡಿದ,
ಆಮೇಲೆ ಫ್ಯೂಸಿನ ಪೆಟ್ಟಿಗೆ ತೆರೆದ.
"ಚಾರ್ಜರ್ ಗಟ್ಟಿಮುಟ್ಟಾಗಿದೆ. ಮರ್ಯಾದಸ್ಥ, ಅಷ್ಟೇ.
ಮನೆಯಲ್ಲಿ ದೊಡ್ಡದೇನಾದರೂ ಹೊತ್ತಿಕೊಂಡರೆ
ಹದಿನಾರರಿಂದ ಆರು ಆಂಪಿಯರಿಗೆ ಇಳಿದು
ಪಕ್ಕಕ್ಕೆ ಸರಿದು ನಿಲ್ಲುತ್ತದೆ."
ಫೋನಿನಲ್ಲಿ ಗೆರೆ ತೋರಿಸಿದ:
ದಿನಾ ಒಂದೂ ಹತ್ತಕ್ಕೆ ಧೊಪ್ಪನೆ ಬಿದ್ದು
ನಾಲ್ಕರ ತನಕ ತಳದಲ್ಲೇ ತೆವಳುವ ಗೆರೆ.
"ಸೌನಾದ ಒಲೆ ಇದು. ಆ ಸರಿರಾತ್ರಿಯಲ್ಲಿ ಯಾರಪ್ಪಾ?"

ಅವನ ಬೆನ್ನ ಹಿಂದೆ ಕಾಲುಚೀಲ ಹೆಣೆಯುತ್ತಿದ್ದ
ಎಂಬತ್ತೆರಡರ ಅತ್ತೆ ಹಿಲ್ಕಾ
ಒಂದು ಕೊಂಡಿ ತಪ್ಪಿಸಿದರು,
ಮತ್ತೆ ಹೆಕ್ಕಿಕೊಂಡರು.
ರಾತ್ರಿ ಒಂದರ ಮೇಲೆ ಕರೆಂಟು ಅಗ್ಗ ಎಂದು
ಊಟದ ಮೇಜಿನಲ್ಲಿ ಪಾಠ ಹೇಳಿದವನು ನಾನೇ.
ಗೊತ್ತಿಲ್ಲ, ಅಂದೆ ಕೌಕೋನಿಗೆ.

ಈಗ ಹತ್ತಕ್ಕೇ ಚಾರ್ಜಿಗೆ ಹಾಕುತ್ತೇನೆ,
ಎರಡು ಯೂರೋ ಹೆಚ್ಚು, ಹೋಗಲಿ.
ನಿದ್ದೆ ಬಾರದ ಮುದುಕಿ ಒಬ್ಬಳೇ ಬೆಂಚಿನ ಮೇಲೆ ಕೂತು
ಕಾದ ಕಲ್ಲಿಗೆ ನೀರು ಚಿಮುಕಿಸುವುದನ್ನು
ಹಾಸಿಗೆಯಲ್ಲೇ ನೋಡುತ್ತೇನೆ: ಗೆರೆ ಬೀಳುತ್ತದೆ,
ಸರಿ, ಎಂದು ಮಗ್ಗುಲಾಗುತ್ತೇನೆ.

ಮೊನ್ನೆ ಶುಕ್ರವಾರ ಗೆರೆ ಬೀಳಲಿಲ್ಲ.
ಒಂದೂವರೆ: ಹದಿನಾರು. ಎರಡು: ಹದಿನಾರು.
ಕಾರು ಗಬಗಬ ತಿನ್ನುತ್ತಿತ್ತು.
ಬರಿಗಾಲಲ್ಲೇ ಓಡಿದೆ, ಹೊಸ್ತಿಲು ಎಡವಿದೆ,
ಅತ್ತೆಯ ಬಾಗಿಲು ಒಂದು ಬೆರಳಷ್ಟು ಸರಿಸಿ
ಉಸಿರು ಹಿಡಿದು ನಿಂತೆ.

ಗೊರಕೆ. ಹೆಗಲ ಮೇಲೆ ಟವೆಲ್ಲು,
ಒಂದು ಕಾಲಿಗಷ್ಟೇ ಚಪ್ಪಲಿ,
ಹೊರಡುವ ಮೊದಲೇ ನಿದ್ದೆ ಬಂದುಬಿಟ್ಟಿತ್ತು.

ಬೆಳಿಗ್ಗೆ ಕಾರು ಪೂರಾ ನೂರು.
ಶನಿವಾರ. ಶಾಲೆಗೆ ರಜೆ.